ಕೊಳವೆ ಕೊಳ್ಳುವ ಮುನ್ನ

(ಸಂಘದ ಭಾನುವಾರದ ತಾಂತ್ರಿಕ ವರ್ಗದಲ್ಲಿ ಫಿಟ್ಟರ್, ವೆಲ್ಡರ್, ಟರ್ನರ್ ಬಂಧುಗಳ ಮುಂದೆ ಮಾಡಿದ ಭಾಷಣ)



ಇಂದಿನ ವಿಷಯವನ್ನು ಸೂಚನಾ ಫಲಕದಲ್ಲಿ ಓದಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಅಮೆರಿಕದ ಸರೋವರದಲ್ಲಿ ಓಡುವ ವಿಹಾರದ ದೋಣಿಗೂ ಮುಂಬಯಿಯ ಗಾಳಾಗಳಲ್ಲಿ ಬೆವರು ಸುರಿಸುವ ನಮಗೂ ಏನು ಸಂಬಂಧ ಎಂದು ಕೇಳುವುದು ಸಹಜವೇ. ಸಂಬಂಧವನ್ನು ನಾವು ಹುಡುಕಿಕೊಂಡು ಹೋಗಲಿಲ್ಲ. ಅದು ನಮ್ಮ ಹಿರಿಯ ಸದಸ್ಯರೊಬ್ಬರ ಮನೆಗೇ ಬಂತು.

ಮೂವತ್ತು ವರ್ಷ ಫಿಟ್ಟರ್ ಕೆಲಸ ಮಾಡಿ ನಿವೃತ್ತರಾದ ಈ ಹಿರಿಯರ ಮಗ ಅಮೆರಿಕದ ಫ್ಲಾರಿಡಾದಲ್ಲಿ, ಆರ್ಲಾಂಡೋ ಊರಿನ ಹತ್ತಿರ ನೌಕರಿಯಲ್ಲಿದ್ದಾನೆ. ಆ ಸೀಮೆಯ ತುಂಬ ಸಿಹಿನೀರಿನ ಸರೋವರಗಳು. ಅವನೂ ಅವನ ಇಬ್ಬರು ಗೆಳೆಯರೂ ಸೇರಿ ಹಳೆಯ ಮೋಟಾರು ದೋಣಿಯೊಂದನ್ನು ಕೊಂಡಿದ್ದಾರೆ. ಅದರ ಮೇಲೆ ಹಗ್ಗ ಕಟ್ಟಲು ಗೋಪುರವೊಂದು ಬೇಕು. ಅಂಗಡಿಯ ಸಿದ್ಧ ಗೋಪುರದ ಬೆಲೆ ಕೇಳಿ ಹೌಹಾರಿ, ತಾವೇ ಮಾಡಿಕೊಳ್ಳೋಣವೆಂದು ಹೊರಟಿದ್ದಾರೆ. ಮಗ ತಂದೆಗೆ ಕೇಳಿದ ಪ್ರಶ್ನೆ ಒಂದೇ ಸಾಲಿನದು: "ಅಪ್ಪಾ, ಎರಡಿಂಚಿನ ಅಲ್ಯುಮಿನಿಯಮ್ ಪೈಪು ಸಾಕಾಗುತ್ತದೆಯೇ?"

ತಂದೆ ಆ ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನ ಸಂಘಕ್ಕೆ ಬಂದು, "ಹೌದು ಅನ್ನಲಾ, ಇಲ್ಲ ಅನ್ನಲಾ? ಆ ಗೋಪುರದ ಕೆಳಗೆ ಕೂರುವವನು ನನ್ನ ಮಗ" ಎಂದರು. ನಾವು ನಾಲ್ಕು ಮಂದಿ ಎರಡು ಸಂಜೆ ಕುಳಿತು ಲೆಕ್ಕ ಹಾಕಿದೆವು. ಆ ಲೆಕ್ಕವನ್ನು ಇಂದು ನಿಮ್ಮ ಮುಂದೆ ಇಡುತ್ತೇವೆ. ಯಾಕೆಂದರೆ ದೋಣಿ ದೂರದ್ದಾದರೂ ಕೊಳವೆ ನಮ್ಮದೇ, ತಪ್ಪುಗಳೂ ನಮ್ಮವೇ.

ಆಟ ಯಾವುದು, ಗೋಪುರ ಯಾಕೆ

ಮೊದಲು ಆ ಆಟ ಎಂಥದೆಂದು ಹೇಳಬೇಕು. ಹೆಸರು ವೇಕ್‌ಬೋರ್ಡಿಂಗ್. ಒಂದು ಅಗಲವಾದ ಹಲಗೆಗೆ ಎರಡೂ ಕಾಲುಗಳನ್ನು ಬಿಗಿದುಕೊಂಡು ಆಟಗಾರ ನೀರಿನ ಮೇಲೆ ನಿಲ್ಲುತ್ತಾನೆ. ದೋಣಿಗೆ ಕಟ್ಟಿದ ಸುಮಾರು 20 ಮೀಟರ್ ಉದ್ದದ ಹಗ್ಗ ಅವನ ಕೈಯಲ್ಲಿ. ದೋಣಿ ಗಂಟೆಗೆ 30-35 ಕಿಲೋಮೀಟರ್ ವೇಗದಲ್ಲಿ ಓಡುವಾಗ ಅದರ ಹಿಂದೆ ಎದ್ದ ಅಲೆಯನ್ನೇ ಮೆಟ್ಟಿಲು ಮಾಡಿಕೊಂಡು ಅವನು ಗಾಳಿಗೆ ಹಾರುತ್ತಾನೆ. 1980ರ ದಶಕದಲ್ಲಿ ಈ ಆಟ ಬೆಳೆಯತೊಡಗಿತು.

ಅದಕ್ಕೂ ಹಿಂದಿನ ನೀರಿನ ಸ್ಕೀ ಆಟಕ್ಕೆ ದೋಣಿಯ ನಡುವೆ ಒಂದು ಗಿಡ್ಡ ಕಂಬ ಸಾಕಾಗಿತ್ತು. ಹಾರುವವನಿಗೆ ಮಾತ್ರ ಹಗ್ಗ ಮೇಲಿನಿಂದ ಎಳೆದರೆ ಅನುಕೂಲ. ತಗ್ಗಿನ ಹಗ್ಗ ಅವನನ್ನು ಕೆಳಕ್ಕೇ ಜಗ್ಗುತ್ತದೆ. ಆದ್ದರಿಂದ 1990ರ ದಶಕದ ಕೊನೆಯ ಹೊತ್ತಿಗೆ, ದೋಣಿಯ ಎರಡೂ ಅಂಚುಗಳಿಂದ ಎದ್ದು ಸವಾರರ ತಲೆಯ ಮೇಲೆ ಕೂಡುವ ಕೊಳವೆಯ ಕಮಾನು ಬಳಕೆಗೆ ಬಂತು. ಅದೇ ಈ ಗೋಪುರ. ಅದರ ನೆತ್ತಿಗೆ ಹಗ್ಗ ಕಟ್ಟುತ್ತಾರೆ.

ಈಗ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಗ್ಗ ಎತ್ತರಕ್ಕೆ ಹೋದಷ್ಟೂ ಆಟಗಾರನಿಗೆ ಸುಖ, ಗೋಪುರದ ಬುಡಕ್ಕೆ ಕಷ್ಟ. ಆ ಬುಡದ ಪಕ್ಕದಲ್ಲೇ ಮನುಷ್ಯರು ಕುಳಿತಿರುತ್ತಾರೆ. ಕಮಾನು ಮುರಿದರೆ ಅದು ಬೀಳುವುದು ಅವರ ತಲೆಯ ಮೇಲೆ.

ಮೊದಲ ತಪ್ಪು: ಎರಡಿಂಚು ಎಂದರೆ ಎಷ್ಟು?

ಮಗನ ಪ್ರಶ್ನೆಯಲ್ಲೇ ಎರಡು ತಪ್ಪುಗಳಿದ್ದವು. ಮೊದಲನೆಯದು "ಎರಡಿಂಚಿನ ಪೈಪು" ಎಂಬ ಮಾತು.

ಪೈಪು ಬೇರೆ, ಟ್ಯೂಬು ಬೇರೆ. ಪೈಪು ನೀರು, ಉಗಿ, ಎಣ್ಣೆ ಸಾಗಿಸಲು ಹುಟ್ಟಿದ್ದು. ಅದರ ಅಳತೆ ಹೆಸರಿಗೆ ಮಾತ್ರ. ಎರಡಿಂಚಿನ ಪೈಪಿನ ಹೊರವ್ಯಾಸ ಎರಡಿಂಚಲ್ಲ, 60.3 ಮಿಲಿಮೀಟರ್. ಒಂದೂವರೆ ಇಂಚಿನದ್ದು 48.3. ಟ್ಯೂಬಾದರೆ ಚೌಕಟ್ಟು, ಕುರ್ಚಿ, ಯಂತ್ರಗಳಿಗೆ ಹುಟ್ಟಿದ್ದು. ಅದನ್ನು ಹೊರವ್ಯಾಸದಿಂದಲೇ ಕರೆಯುತ್ತಾರೆ. ಎರಡಿಂಚಿನ ಟ್ಯೂಬೆಂದರೆ ನಿಜವಾಗಿಯೂ 50.8 ಮಿಲಿಮೀಟರ್. ಎರಡರ ನಡುವೆ ಒಂಬತ್ತೂವರೆ ಮಿಲಿಮೀಟರ್ ಅಂತರ! ಉಕ್ಕಿನಲ್ಲೂ ಹೀಗೆಯೇ, ಅಲ್ಯುಮಿನಿಯಮ್ಮಿನಲ್ಲೂ ಹೀಗೆಯೇ.

ನಾವೂ ಕೆಟ್ಟು ಕಲಿತವರೇ. ಬಹಳ ಹಿಂದೆ ನಮ್ಮಲ್ಲಿ ಇಬ್ಬರು ಒಂದು ಕಾರ್ಖಾನೆಯ ಮೆಟ್ಟಿಲಿಗೆ ರೇಲಿಂಗ್ ಮಾಡುತ್ತಿದ್ದಾಗ, ನಕ್ಷೆಯಲ್ಲಿ 50.8 ಹೊರವ್ಯಾಸವೆಂದು ಬರೆದಿತ್ತು. ಕುಂಭಾರವಾಡಕ್ಕೆ ಹೋಗಿ "ದೋ ಇಂಚ್" ಎಂದು ಬಾಯಿಮಾತಿನಲ್ಲಿ ಹೇಳಿ, ಹೊತ್ತು ತಂದದ್ದು ಪೈಪು. ಮೊದಲೇ ಬೋರು ಮಾಡಿಟ್ಟ ಕ್ಲಾಂಪುಗಳಲ್ಲಿ ಒಂದೂ ಕೂರಲಿಲ್ಲ. ಎರಡು ದಿನದ ಕೂಲಿ ಹೋಯಿತು, ಬೈಗುಳ ಲಾಭವಾಯಿತು. ಅಂಗಡಿಯವನ ತಪ್ಪು ಎಳ್ಳಷ್ಟೂ ಇರಲಿಲ್ಲ. ಅಂದಿನಿಂದ ವರ್ನಿಯರ್ ಜೇಬಿನಲ್ಲಿಲ್ಲದೆ ನಾವು ಕೊಳವೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ದಪ್ಪದ ವಿಷಯವೂ ಹಾಗೆಯೇ. ನಮ್ಮ ಐ.ಎಸ್. 1239 ಪೈಪಿನಲ್ಲಿ ಹಳದಿ ಪಟ್ಟಿ ಹಗುರ ದರ್ಜೆಗೆ, ನೀಲಿ ಮಧ್ಯಮಕ್ಕೆ, ಕೆಂಪು ಭಾರಕ್ಕೆ. ಹೊರಗಿನಿಂದ ನೋಡಲು ಮೂರೂ ಒಂದೇ ಗಾತ್ರ. ಹೊಟ್ಟೆಯೊಳಗೆ ಮಾತ್ರ ಬೇರೆ ಬೇರೆ. ಅಮೆರಿಕದಲ್ಲಿ ಟ್ಯೂಬಿನ ದಪ್ಪವನ್ನು ಇಂಚಿನ ಸಾವಿರದ ಪಾಲಿನಲ್ಲಿ ಹೇಳುತ್ತಾರೆ, 0.125 ಇಂಚೆಂದರೆ ಸುಮಾರು 3.2 ಮಿಲಿಮೀಟರ್, ನಮ್ಮ ಹತ್ತನೆಯ ಗೇಜಿನ ಹತ್ತಿರ. ಆದ್ದರಿಂದ ಕೊಳವೆಯನ್ನು ಕೇಳುವಾಗ ಮೂರು ಮಾತು ಹೇಳಲೇಬೇಕು: ಹೊರವ್ಯಾಸ, ಗೋಡೆಯ ದಪ್ಪ, ಲೋಹದ ದರ್ಜೆ. ಒಂದು ಬಿಟ್ಟರೂ ಅದು ಅರ್ಧ ಪ್ರಶ್ನೆ.

ಎರಡನೆಯ ತಪ್ಪು: ಆಕಾರಕ್ಕಿಂತ ಮೊದಲು ಕೊಳವೆ

ಇದು ದೊಡ್ಡ ತಪ್ಪು. ಇಂದಿನ ಭಾಷಣದಲ್ಲಿ ಒಂದೇ ಮಾತನ್ನು ನೀವು ಮನೆಗೆ ಒಯ್ಯುವುದಾದರೆ ಇದನ್ನೇ ಒಯ್ಯಿರಿ: ಎಳೆತ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಕೇಳದೆ ಕೊಳವೆ ಆರಿಸಬಾರದು.

ಲೆಕ್ಕಕ್ಕಾಗಿ ಹಗ್ಗದ ಜಗ್ಗು 300 ಕಿಲೋ ಎಂದಿಟ್ಟುಕೊಂಡೆವು. ಆಟಗಾರನ ತೂಕಕ್ಕಿಂತ ಅದು ಬಹಳ ಹೆಚ್ಚಾಯಿತಲ್ಲ ಎನ್ನಬೇಡಿ; ಹಾರಿ ಬಿದ್ದವನನ್ನು ಹಗ್ಗ ಥಟ್ಟನೆ ಸೆಳೆದಾಗಿನ ಪೆಟ್ಟಿಗಾಗಿ ಅಷ್ಟು ಕೈಬಿಟ್ಟು ಹಿಡಿದೆವು. ಹಗ್ಗ ಕಟ್ಟುವ ಎತ್ತರ ಪಾದದಿಂದ ಒಂದೂವರೆ ಮೀಟರ್. ಟ್ಯೂಬು 50.8 ಹೊರವ್ಯಾಸ, 3.2 ದಪ್ಪ.

ಮೊದಲು, ಎಡಕ್ಕೊಂದು ಬಲಕ್ಕೊಂದು ಎರಡೇ ನೆಟ್ಟ ಕಂಬಗಳ ಮೇಲೆ ಅಡ್ಡ ತೊಲೆಯಿಟ್ಟ ಗೋಪುರವನ್ನು ನೋಡಿದೆವು. ಮಗ ಕಳಿಸಿದ ಗೀಚುಚಿತ್ರ ಹೀಗೆಯೇ ಇತ್ತು. 300 ಕಿಲೋವನ್ನು ಒಂದೂವರೆ ಮೀಟರಿನಿಂದ ಗುಣಿಸಿ ಎರಡು ಕಂಬಗಳಿಗೆ ಹಂಚಿದರೆ, ಪ್ರತಿ ಕಂಬದ ಬುಡದಲ್ಲಿ ಕೊಳವೆಯ ಗೋಡೆಯ ಮೇಲೆ ಬೀಳುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 42 ಕಿಲೋ. ದೋಣಿ ಕೆಲಸಕ್ಕೆ ಹೆಸರಾದ 6061-ಟಿ6 ಅಲ್ಯುಮಿನಿಯಮ್ ಸುಮಾರು 28 ಕಿಲೋಕ್ಕೇ ಸೋತು ಬಾಗಿಬಿಡುತ್ತದೆ. ಅಂದರೆ ಗೋಪುರ ಮೊದಲ ದೊಡ್ಡ ಜಗ್ಗಿಗೇ ಹಿಂದಕ್ಕೆ ಮಲಗುತ್ತದೆ.

ಅದೇ ಕೊಳವೆಯಿಂದಲೇ ಪ್ರತಿ ಬದಿಗೆ ಎರಡೆರಡು ಕಾಲು ಕೊಟ್ಟೆವು. ಒಂದು ಮುಂದಕ್ಕೆ ಚಾಚಿ, ಇನ್ನೊಂದು ಹಿಂದಕ್ಕೆ ಚಾಚಿ. ಪಾದಗಳ ನಡುವೆ ಒಂದು ಮೀಟರ್ ಅಂತರ, ಮೇಲೆ ಎರಡೂ ಕೂಡಿ ತ್ರಿಕೋಣ. ಈಗ ಹಿಂದಕ್ಕೆ ಜಗ್ಗಿದರೆ ಮುಂದಿನ ಕಾಲು ಹಿಗ್ಗಲು ನೋಡುತ್ತದೆ, ಹಿಂದಿನ ಕಾಲು ಕುಗ್ಗಲು ನೋಡುತ್ತದೆ. ಬಾಗುವ ಮಾತೇ ಬಹುಮಟ್ಟಿಗೆ ಇಲ್ಲ. ಒಂದೊಂದು ಕಾಲಿನ ಉದ್ದಕ್ಕೂ ಬೀಳುವ ಬಲ ಸುಮಾರು 240 ಕಿಲೋ. ಕೊಳವೆಯ ಲೋಹಕ್ಕೆ ಅದನ್ನು ಹಂಚಿದರೆ ಚದರ ಮಿಲಿಮೀಟರಿಗೆ ಅರ್ಧ ಕಿಲೋ!

ಬಂಧುಗಳೇ, ಅದೇ ಲೋಹ, ಅದೇ ದಪ್ಪ, ಅದೇ ಎಳೆತ. ಒಂದೆಡೆ 42, ಇನ್ನೊಂದೆಡೆ ಅರ್ಧ. ನಮ್ಮ ಊರಿನ ಹೆಂಚಿನ ಮನೆಯ ಮಾಡನ್ನು ಕಟ್ಟಿದ ಆಚಾರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಆದರೆ ವಿಷಯ ಗೊತ್ತಿತ್ತು. ಅವನು ತ್ರಿಕೋಣವನ್ನು ಬಿಟ್ಟು ಮಾಡು ಕಟ್ಟಲಿಲ್ಲ.

ಇನ್ನೊಂದು ಅಂಶ ಉಳಿಯುತ್ತದೆ. ಆಟಗಾರ ನೇರ ಹಿಂದೆಯೇ ಇರುವುದಿಲ್ಲ. ಎಡಕ್ಕೂ ಬಲಕ್ಕೂ ಅಲೆಯನ್ನು ದಾಟಿ ಹೋಗುತ್ತಾನೆ. ಆಗ ಗೋಪುರ ಅಡ್ಡಕ್ಕೆ ಓಲಾಡಲು ನೋಡುತ್ತದೆ. ಸವಾರರು ಕೂರಬೇಕಾದ್ದರಿಂದ ಅಲ್ಲಿ ಅಡ್ಡ ಕರ್ಣ ಕೊಡುವಂತಿಲ್ಲ. ಕಾಲುಗಳನ್ನು ಸ್ವಲ್ಪ ಒಳಕ್ಕೆ ವಾಲಿಸಿ, ಮೂಲೆಗಳನ್ನು ಗಟ್ಟಿ ಮಾಡಿ, ಉಳಿದ ಬಾಗುವಿಕೆಯನ್ನು ಕೊಳವೆಯೇ ತಾಳಿಕೊಳ್ಳಬೇಕು. ಕೊಳವೆಯ ಗಾತ್ರದ ಪ್ರಶ್ನೆ ನಿಜವಾಗಿ ಹುಟ್ಟುವುದು ಇಲ್ಲಿ.

ವ್ಯಾಸ ಹೆಚ್ಚಿಸಬೇಕೋ, ದಪ್ಪ ಹೆಚ್ಚಿಸಬೇಕೋ?

ನಮ್ಮಲ್ಲಿ ಗಟ್ಟಿ ಬೇಕೆಂದರೆ "ದಪ್ಪ ಮಾಲು ಹಾಕು" ಎನ್ನುವುದೇ ರೂಢಿ. ಲೆಕ್ಕ ಬೇರೆಯೇ ಹೇಳುತ್ತದೆ.

38.1 ಹೊರವ್ಯಾಸದ, 3.2 ದಪ್ಪದ ಟ್ಯೂಬೊಂದನ್ನು ತೆಗೆದುಕೊಳ್ಳಿ. ಅದರ ದಪ್ಪವನ್ನು ಎರಡರಷ್ಟು ಮಾಡಿದರೆ ತೂಕ ನೂರಕ್ಕೆ 82ರಷ್ಟು ಏರುತ್ತದೆ, ಬಾಗದಿರುವ ಗುಣ ನೂರಕ್ಕೆ 55ರಷ್ಟು ಮಾತ್ರ ಏರುತ್ತದೆ. ದಪ್ಪವನ್ನು ಮುಟ್ಟದೆ ವ್ಯಾಸವನ್ನು 50.8ಕ್ಕೆ ಏರಿಸಿದರೆ ತೂಕ ನೂರಕ್ಕೆ 36ರಷ್ಟೇ ಏರಿ, ಬಾಗದಿರುವ ಗುಣ ಎರಡೂವರೆ ಪಟ್ಟಾಗುತ್ತದೆ. ಇಷ್ಟೇ ತೂಕದ ಗಟ್ಟಿ ಸಲಾಕೆ ಹಾಕಿದರೋ? ಅದರ ವ್ಯಾಸ 25 ಮಿಲಿಮೀಟರಿಗೂ ಕಡಿಮೆ. ಕೊಳವೆಗಿಂತ ಏಳು ಪಟ್ಟಿಗೂ ಮಿಗಿಲಾಗಿ ಬಾಗುತ್ತದೆ. ಲೋಹ ನಡುವಿನಿಂದ ದೂರವಿದ್ದಷ್ಟೂ ದುಡಿಯುತ್ತದೆ. ನಡುವಿನ ಲೋಹ ಸುಮ್ಮನೆ ಕುಳಿತು ಉಣ್ಣುತ್ತದೆ. ಬಿದಿರು ಟೊಳ್ಳಾಗಿರುವುದು ಬಡತನದಿಂದಲ್ಲ.

ಹಾಗೆಂದು ಗೋಡೆಯನ್ನು ಕಾಗದದಷ್ಟು ತೆಳ್ಳಗೆ ಮಾಡುವಂತಿಲ್ಲ. ತೆಳುಗೋಡೆ ಒಂದು ಪೆಟ್ಟಿಗೆ ತಗ್ಗು ಬೀಳುತ್ತದೆ. ತಗ್ಗು ಬಿದ್ದಲ್ಲೇ ಮಡಿಚುತ್ತದೆ. ವಿದ್ಯುತ್ ತಂತಿ ಎಳೆಯುವ ತೆಳು ಕಾಂಡ್ಯೂಟು, ಬೇಲಿಯ ಕಂಬ, ಇವು ಅಗ್ಗವಾಗಿ ಸಿಕ್ಕುತ್ತವೆಂದು ಗೋಪುರಕ್ಕೆ ಹಾಕುವ ಆಸೆ ಯಾರಿಗಾದರೂ ಆಗಬಹುದು. ಅವು ಹುಟ್ಟಿದ ಕೆಲಸ ಬೇರೆ. ಮೇಲಾಗಿ ಸತುವಿನ ಲೇಪವಿದ್ದ ಕೊಳವೆಗೆ ವೆಲ್ಡಿಂಗ್ ಮಾಡಿದರೆ ಆ ಹೊಗೆಯಿಂದ ರಾತ್ರಿ ಚಳಿಜ್ವರ ಬರುವುದನ್ನು ನಿಮ್ಮಲ್ಲಿ ಎಷ್ಟೋ ಮಂದಿ ಉಂಡು ಬಲ್ಲಿರಿ.

ಯಾವ ಲೋಹ?

ಮೂರು ಉಮೇದುವಾರರಿದ್ದಾರೆ: ಸಾದಾ ಉಕ್ಕು, ಸ್ಟೇನ್‌ಲೆಸ್ ಉಕ್ಕು, ಅಲ್ಯುಮಿನಿಯಮ್.

ಸಾದಾ ಉಕ್ಕು ಅಗ್ಗ. ಮನೆಯ ವೆಲ್ಡಿಂಗ್ ಯಂತ್ರಕ್ಕೂ ಬಗ್ಗುತ್ತದೆ. ಮುರಿಯುವ ಮೊದಲು ಬಾಗಿ ಎಚ್ಚರಿಕೆ ಕೊಡುವ ಸಜ್ಜನ. ಆದರೆ ಭಾರ, ತುಕ್ಕು ಎರಡೂ ಅದರ ಶತ್ರುಗಳು. ತುಕ್ಕು ಹೊರಗಿಗಿಂತ ಒಳಗೆ ಕೆಟ್ಟದು. ಬಾಯಿ ತೆರೆದ ಕೊಳವೆಯೊಳಗೆ ನೀರು ನಿಂತರೆ ಬಣ್ಣ ಹೊಳೆಯುತ್ತಿರುವಾಗಲೇ ಗೋಡೆ ಕರಗುತ್ತಿರುತ್ತದೆ.

ಸ್ಟೇನ್‌ಲೆಸ್ ಉಕ್ಕು ತುಕ್ಕಿಗೆ ಹೆದರುವುದಿಲ್ಲ. ಸಿಹಿನೀರಿಗೆ 304 ಸಾಕು, ಉಪ್ಪುನೀರಿಗೆ 316 ಬೇಕು. ಬೆಸುಗೆಯ ಕೆಲಸಕ್ಕೆ ಇಂಗಾಲ ಕಡಿಮೆಯಿರುವ 'ಎಲ್' ದರ್ಜೆ ಮೇಲು. ತೂಕದಲ್ಲಿ ಮಾತ್ರ ಸಾದಾ ಉಕ್ಕಿನ ಅಣ್ಣನೇ, ಬೆಲೆಯಲ್ಲಿ ಇನ್ನೂ ದೊಡ್ಡಣ್ಣ.

ಅಲ್ಯುಮಿನಿಯಮ್ ತೂಕದಲ್ಲಿ ಉಕ್ಕಿನ ಮೂರನೆಯ ಒಂದು ಪಾಲು. ಆದರೆ ಅದೇ ಅಳತೆಯ ಕೊಳವೆಯಾದರೆ ಉಕ್ಕಿಗಿಂತ ಸುಮಾರು ಮೂರು ಪಟ್ಟು ಬಾಗುತ್ತದೆ. ಆದ್ದರಿಂದ ಉಕ್ಕಿನ ಅಳತೆಯನ್ನೇ ಅಲ್ಯುಮಿನಿಯಮ್ಮಿಗೆ ನಕಲು ಮಾಡಬಾರದು, ವ್ಯಾಸ ಹೆಚ್ಚಿಸಬೇಕು. 38.1 ವ್ಯಾಸ, 2 ಮಿಲಿಮೀಟರ್ ದಪ್ಪದ ಉಕ್ಕಿನ ಟ್ಯೂಬು ಹನ್ನೆರಡು ಮೀಟರಿಗೆ ಸುಮಾರು 21 ಕಿಲೋ ತೂಗುತ್ತದೆ. 50.8 ವ್ಯಾಸ, 3.2 ದಪ್ಪದ ಅಲ್ಯುಮಿನಿಯಮ್ ಅಷ್ಟೇ ಉದ್ದಕ್ಕೆ ಹದಿನೈದೂವರೆ ಕಿಲೋ. ಹಗುರವಾಗಿದ್ದೂ ಅದು ಕಾಲು ಪಾಲು ಹೆಚ್ಚು ಬಿಗಿ. ದೋಣಿಯಲ್ಲಿ ಈ ತೂಕ ಬರಿಯ ಸಾಗಾಟದ ಮಾತಲ್ಲ. ತಲೆಯ ಮೇಲಿನ ಒಂದೊಂದು ಕಿಲೋವೂ ತಿರುವಿನಲ್ಲಿ ದೋಣಿಯನ್ನು ವಾಲಿಸಲು ನೋಡುತ್ತದೆ.

ಬೆಂಕಿ ತಾಗಿದ ಮೇಲೆ

ಹಾಗಾದರೆ ಅಲ್ಯುಮಿನಿಯಮ್ಮೇ ಸರಿ ಎಂದು ಎದ್ದುಬಿಡಬೇಡಿ. 6061ರ ಬಲ ಹುಟ್ಟಿನಿಂದ ಬಂದದ್ದಲ್ಲ, ಕುಲುಮೆಯ ಹದದಿಂದ ಬಂದದ್ದು. 'ಟಿ6' ಎಂಬುದು ಆ ಹದದ ಹೆಸರು. ಬೆಸುಗೆಯ ಬೆಂಕಿ ತಾಗಿದಲ್ಲಿ, ಎರಡೂ ಕಡೆ ಸುಮಾರು ಒಂದಿಂಚಿನವರೆಗೆ, ಆ ಹದ ಇಳಿದುಹೋಗುತ್ತದೆ; ತಾಳುವ ಶಕ್ತಿ ಅರ್ಧಕ್ಕಿಂತಲೂ ಕೆಳಗೆ ಬೀಳುತ್ತದೆ. ಬೆಸುಗೆ ಎಷ್ಟೇ ಚೆಂದವಾಗಿರಲಿ, ಅದರ ಪಕ್ಕದ ಲೋಹ ಮೆತ್ತಗಾಗಿರುತ್ತದೆ. ಆದ್ದರಿಂದ ಎಳೆತ ಅತಿ ಹೆಚ್ಚಿರುವ ಜಾಗದಲ್ಲಿ ಬೆಸುಗೆ ಇಡಬಾರದು; ಇಡಲೇಬೇಕಾದರೆ ಕುಗ್ಗಿದ ಬಲವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಆರ್ಗಾನ್ ಅನಿಲದ ಟಿಗ್ ಬೆಸುಗೆಯಲ್ಲಿ ಕೈ ಕುದುರಿದವನೇ ಆ ಕೆಲಸ ಮಾಡಬೇಕು. ಉಕ್ಕಿನಲ್ಲಿ ಹತ್ತು ವರ್ಷ ಪಳಗಿದವನೂ ಅಲ್ಯುಮಿನಿಯಮ್ಮಿನ ಮುಂದೆ ಮೊದಲ ದಿನ ಕಲಿಯುವ ಹುಡುಗನೇ.

ಬಗ್ಗಿಸುವುದರಲ್ಲೂ ಇದೇ ಎಚ್ಚರ. ಉಕ್ಕಿನ ಪೈಪಿನೊಳಗೆ ಒಣಮರಳು ತುಂಬಿ, ಬಾಯಿ ಮುಚ್ಚಿ, ಕಾಯಿಸಿ ಬಗ್ಗಿಸುವುದು ನಮ್ಮ ಹಳೆಯ ಪದ್ಧತಿ. ಮರಳಿನಲ್ಲಿ ಪಸೆಯಿದ್ದರೆ ಉಗಿಯಾಗಿ ಕೊಳವೆಯೇ ಸಿಡಿಯುತ್ತದೆಂಬುದು ಬೇರೆ ಮಾತು. ಟಿ6 ಕೊಳವೆಯನ್ನು ಹಾಗೆ ಕಾಯಿಸಿದರೆ ದುಡ್ಡು ಕೊಟ್ಟು ಕೊಂಡ ಬಲವನ್ನು ನಾವೇ ಸುಟ್ಟಂತೆ. ಕಾಯಿಸದೆ ಸಣ್ಣ ತಿರುವಿಗೆ ಬಗ್ಗಿಸಿದರೆ ಹೊರಮೈ ಸೀಳುತ್ತದೆ, ಒಳಮೈ ನೆರಿಗೆಗಟ್ಟುತ್ತದೆ. ಒಳಗೆ ಆಧಾರ ಕೊಡುವ ಮ್ಯಾಂಡ್ರಿಲ್ ಇರುವ ಯಂತ್ರದಲ್ಲಿ, ಧಾರಾಳವಾದ ತಿರುವಿನಲ್ಲಿ ಬಗ್ಗಿಸಬೇಕು. ಉಕ್ಕಿನ ಹೊಲಿಗೆ ಟ್ಯೂಬಾದರೆ ಹೊಲಿಗೆಯ ಗೆರೆ ತಿರುವಿನ ಹೊರಗೂ ಅಲ್ಲ, ಒಳಗೂ ಅಲ್ಲ, ಪಕ್ಕದಲ್ಲಿ ಬರುವಂತೆ ಇಡಬೇಕು.

ಪಾದದ ಕೆಳಗೇನಿದೆ?

ಕೊನೆಗೆ ಪಾದ. ದೋಣಿಯ ಅಂಚು ಗಾಜಿನ ನಾರಿನದು. ನಾಲ್ಕು ಬೋಲ್ಟು ಕೊರೆದು ಸಣ್ಣ ವಾಷರ್ ಹಾಕಿ ಬಿಗಿದರೆ ಕೊಳವೆ ಉಳಿದು ದೋಣಿಯೇ ಹರಿಯುತ್ತದೆ. ಕೆಳಗಿನಿಂದ ಅಗಲವಾದ ಲೋಹದ ತಟ್ಟೆ ಕೊಟ್ಟು ಬಲವನ್ನು ಹರಡಬೇಕು. ಅಲ್ಯುಮಿನಿಯಮ್ ಪಾದಕ್ಕೆ ಸ್ಟೇನ್‌ಲೆಸ್ ಬೋಲ್ಟು ಹಾಕಿದಲ್ಲಿ, ಉಪ್ಪುನೀರು ಸೋಕಿದರೆ, ಎರಡು ಲೋಹಗಳ ಜಗಳದಲ್ಲಿ ಅಲ್ಯುಮಿನಿಯಮ್ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಇಟ್ಟು ಇಬ್ಬರನ್ನೂ ದೂರವಿಡಬೇಕು. ಅಲ್ಯುಮಿನಿಯಮ್ ಮತ್ತೆ ಮತ್ತೆ ಬೀಳುವ ಸಣ್ಣ ಪೆಟ್ಟುಗಳನ್ನೂ ಮರೆಯುವುದಿಲ್ಲ. ಆದ್ದರಿಂದ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಂದಿದೆಯೇ ಎಂದು ಆಗಾಗ ಒರೆಸಿ ನೋಡಬೇಕು.

ನಾವು ಕಳಿಸಿದ ಉತ್ತರ

ಆ ತಂದೆ ಮಗನಿಗೆ ಕಳಿಸಿದ ಉತ್ತರ ಹೀಗಿತ್ತು: "ಮಗಾ, ಎರಡಿಂಚಿನ ಪೈಪು ಬೇಡ, 50.8 ಹೊರವ್ಯಾಸದ ಟ್ಯೂಬಿನಿಂದ ಲೆಕ್ಕ ಆರಂಭಿಸು. ದಪ್ಪ 3.2ಕ್ಕೆ ಕಡಿಮೆ ಬೇಡ. ಆದರೆ ಎರಡೇ ಕಂಬದ ಗೋಪುರ ಮಾಡುವುದಾದರೆ ಯಾವ ಟ್ಯೂಬನ್ನೂ ಕೊಳ್ಳಬೇಡ. ನಾಲ್ಕು ಕಾಲಿನ ನಕ್ಷೆ ಬರೆ, ಅಡ್ಡ ಎಳೆತಕ್ಕೂ ಮೂಲೆಗಳಿಗೂ ಅಲ್ಲಿಯ ಬಲ್ಲವರೊಬ್ಬರಿಂದ ಲೆಕ್ಕ ಹಾಕಿಸು. ಬೆಸುಗೆಯನ್ನು ನೀನು ಮಾಡಬೇಡ, ಬಲ್ಲವನ ಕೈಯಲ್ಲಿ ಮಾಡಿಸು. ಗಾಳಿ ತುಂಬಿದ ರಬ್ಬರ್ ಟ್ಯೂಬಿನ ಮೇಲೆ ಮಕ್ಕಳನ್ನು ಕೂರಿಸಿ ಗೋಪುರದಿಂದ ಎಳೆಯಬೇಡ. ಅದು ನೀರಿಗೆ ಕಚ್ಚಿಕೊಂಡರೆ ಜಗ್ಗು ನಮ್ಮ ಲೆಕ್ಕ ಮೀರುತ್ತದೆ, ಗೋಪುರ ಮಾಡುವ ಕಂಪನಿಗಳೇ ಅದನ್ನು ಬೇಡವೆನ್ನುತ್ತವೆ. ಇಷ್ಟು ಆಗದಿದ್ದರೆ ಹಗ್ಗವನ್ನು ದೋಣಿಯ ಹಳೆಯ ಗಿಡ್ಡ ಕಂಬಕ್ಕೇ ಕಟ್ಟಿ ಆಡು. ತಗ್ಗಾಗಿ ಹಾರಿದರೆ ಯಾರೂ ನಗುವುದಿಲ್ಲ."

ಮಗನ ಮಾರುತ್ತರ ಮೊನ್ನೆ ಬಂತು: "ಅಪ್ಪಾ, ಟ್ಯೂಬು ಇನ್ನೂ ಕೊಂಡಿಲ್ಲ. ದೋಣಿಯ ಮೇಲೆ ಮರದ ಕೋಲು ಕಟ್ಟಿ ಕಾಲುಗಳ ಅಳತೆ ತೆಗೆಯುತ್ತಿದ್ದೇವೆ." ಅದನ್ನು ಓದಿ ತೋರಿಸುವಾಗ ನಮ್ಮ ಹಿರಿಯರ ಮುಖ ನೋಡಬೇಕಾಗಿತ್ತು.

ಬಂಧುಗಳೇ, ಇದು ದೋಣಿಯ ಕಥೆ ಮಾತ್ರವಲ್ಲ. ನಾಳೆ ಬೆಳಿಗ್ಗೆ ನಮ್ಮಲ್ಲಿ ಯಾರಿಗಾದರೂ ಒಂದು ಸಜ್ಜಾ, ಒಂದು ಏಣಿ, ಒಂದು ನೀರಿನ ಟಾಕಿಯ ಸ್ಟ್ಯಾಂಡು ಮಾಡುವ ಕೆಲಸ ಬರುತ್ತದೆ. "ಇದ್ದ ಪೈಪು ಹಾಕು, ಬೇಗ ಮುಗಿಸು" ಎನ್ನುವವರು ಮೇಲೆ ನಿಂತಿರುತ್ತಾರೆ. ಕೆಳಗೆ ನಿಲ್ಲುವವರು ಯಾರೋ, ನಮಗೆ ಕಾಣುವುದಿಲ್ಲ. ಅವರೂ ಯಾರದೋ ಮಕ್ಕಳು. ಗರಗಸ ಕೈಗೆತ್ತಿಕೊಳ್ಳುವ ಮೊದಲು "ಈ ಭಾರ ಎಲ್ಲಿಗೆ ಹೋಗುತ್ತದೆ?" ಎಂದು ಕೇಳುವುದು ಕೆಲಸಗಾರನ ಉದ್ಧಟತನವಲ್ಲ, ಅದು ಅವನ ಹಕ್ಕು, ಅವನ ಧರ್ಮ. ಒಬ್ಬನೇ ಕೇಳಿದರೆ ಬೈಗುಳ ಸಿಕ್ಕಬಹುದು. ಎಲ್ಲರೂ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಸಂಘವಿರುವುದು ಅದಕ್ಕಾಗಿಯೇ.

ಮುಂದಿನ ಭಾನುವಾರ ವರ್ನಿಯರ್ ಹಿಡಿದುಕೊಂಡು ಬನ್ನಿ. ನಾಲ್ಕು ತುಂಡು ಕೊಳವೆ ತಂದಿಟ್ಟಿರುತ್ತೇವೆ; ಯಾವುದು ಪೈಪು, ಯಾವುದು ಟ್ಯೂಬು ಎಂದು ನೀವೇ ಅಳೆದು ಹೇಳಬೇಕು.